ಏಳನೆಯ ಸೂಜಿ

ಡಬ್ಬಿಯಲ್ಲಿ ಹನ್ನೊಂದೇ ಸೂಜಿಗಳಿದ್ದವು. ಮಿರೆಲ್ಲಾ ಮತ್ತೆ ಎಣಿಸಿದಳು. ಬೆಳಗ್ಗೆ ಕೊಟ್ಟಿದ್ದು ಹನ್ನೆರಡು. ಏಳನೆಯ ಗೂಡು ಖಾಲಿ.

"ಎಲ್ಲಿ ಬಿತ್ತೋ ಏನೋ," ಎಂದಳು ಎರ್ಸಿಲಿಯಾ. "ಕಣ್ಣು ಕಾಣಲ್ಲ ಕಣಮ್ಮ."

"ಕಾಫಿ ಹೊತ್ತಲ್ಲಾದ್ರೂ ಕಣ್ಣಿಗೆ ಬಿಡುವು ಕೊಡಬಾರ್ದಾ? ನನ್ನ ಹರಕು ಕೋಟು ಹಿಡ್ಕೊಂಡು ಕೂತಿದ್ರಿ."

ಎರ್ಸಿಲಿಯಾ ಮದುವಣಗಿತ್ತಿಯರ ಉಡುಪು ಹೊಲಿದು ಪಳಗಿದ ಕೈ. ಹನ್ನೆರಡು ವರ್ಷಗಳಿಂದ ಟ್ಯೂರಿನ್ನಿನ ಈ ಬಿಳಿ ಕೋಣೆಯಲ್ಲಿ ಬಾಹ್ಯಾಕಾಶ ನೌಕೆಗಳಿಗೆ ಹೊದಿಕೆ ಹೊಲಿಯುತ್ತಿದ್ದಳು. ನಿವೃತ್ತಿಗೆ ಉಳಿದದ್ದು ಒಂದು ತಿಂಗಳು. ಈ ಸಲದ ನೌಕೆ ಗುರುಗ್ರಹಕ್ಕೆ ಹೊರಡಲಿತ್ತು. ಅಲ್ಲಿ ಬಿಸಿಲೆಂಬುದು ಹೆಸರಿಗಷ್ಟೇ. ಹಿಮ ಹೊದ್ದ ಚಂದ್ರರನ್ನು ನೋಡಬೇಕಾದ ಕ್ಯಾಮೆರಾ ಚಳಿಗೆ ಕೆಡಬಾರದೆಂದು ಇಪ್ಪತ್ತು ಪದರಗಳ ಬೆಳ್ಳಿ ಹೊದಿಕೆ. ಪದರ ಎಣಿಸಿ ಮೊಹರು ಒತ್ತುವವಳು ಮಿರೆಲ್ಲಾ. ಅಂಚು ಹೊಲಿಯುವವಳು ಎರ್ಸಿಲಿಯಾ.

ಸೂಜಿ ಕಳೆದರೆ ಹೊದಿಕೆಯನ್ನು ಬಿಚ್ಚಿ ಹುಡುಕಬೇಕು. ಬಿಚ್ಚಿದ್ದನ್ನು ಚೂರು ಮಾಡಿ ಎಸೆಯಬೇಕು. ಮತ್ತೆ ಮೊದಲಿನಿಂದ. ಮೂರು ವಾರಗಳಿಂದ ರಜೆಯನ್ನೇ ಕಾಣದ ಮಿರೆಲ್ಲಾಳಿಗೆ ಅಳು ಬರುವಂತಾಯಿತು.

ಮುಖ್ಯಸ್ಥ ಬಾಲ್ಡಿ ಗಾಜಿನಾಚೆಯಿಂದ ಮೈಕು ಹಿಡಿದ. "ಕನ್ನಡಕ ಬದಲಾಯಿಸಿ ಅಂತ ಎಷ್ಟು ಸಲ ಹೇಳಿದೀನಿ ನಿಮಗೆ?"

"ಬದಲಾಯಿಸಿದೆ ಎಂಜಿನಿಯರ್ರೇ. ಕಣ್ಣು ಬದಲಾಯಿಸೋಕಾಗ್ಲಿಲ್ಲ."

ಬಾಲ್ಡಿ ನಗಲಿಲ್ಲ. "ನಾಳೆಯಿಂದ ಬರ್ಬೇಡಿ. ಫಲಕದಿಂದ ನಿಮ್ಮ ಹೆಸರೂ ಹೋಗುತ್ತೆ. ನಿಯಮ ಅಂದ್ರೆ ನಿಯಮ."

ನೌಕೆಯೊಳಗೆ ಅಂಗೈಯಗಲದ ಫಲಕವೊಂದಿತ್ತು. ತಪ್ಪಿಲ್ಲದೆ ಕೆಲಸ ಮುಗಿಸಿದವರ ಹೆಸರುಗಳು ಅದರ ಮೇಲೆ ಗುರುಗ್ರಹಕ್ಕೆ ಹೋಗುತ್ತಿದ್ದವು. ಎರ್ಸಿಲಿಯಾ ಇದನ್ನು ಮೊಮ್ಮಕ್ಕಳಿಗೆ, ರೊಟ್ಟಿ ಅಂಗಡಿಯವನಿಗೆ, ಪಾದ್ರಿಗೆ, ಎಲ್ಲರಿಗೂ ಹೇಳಿಕೊಂಡಿದ್ದಳು. ಈಗ "ಆಗ್ಲಿ" ಎಂದಳು, ಅಷ್ಟೇ.

ಹೋದ ತಿಂಗಳು ಮಿರೆಲ್ಲಾಳಿಗೂ ಬಾಲ್ಡಿ ಹೇಳಿದ್ದ: ಇನ್ನೊಂದು ಸಲ ಎಣಿಕೆ ತಪ್ಪಿದರೆ ಮನೆಗೆ. ಆ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಈ ಸಲ ತಪ್ಪು ತನ್ನದಲ್ಲವಲ್ಲ ಎಂದು ಸಮಾಧಾನವಾಯಿತು. ಹಾಗಾದದ್ದಕ್ಕೆ ನಾಚಿಕೆಯೂ ಆಯಿತು.

ಬಾಲ್ಡಿ ಹೊರಟುಹೋದ. ಇಬ್ಬರೂ ಎದುರುಬದುರು ಕೂತು ಹೊಲಿಗೆ ಬಿಚ್ಚಿದರು.

"ನಮ್ಮ ಅಂಗಡೀಲೂ ಹೀಗೇ," ಎಂದಳು ಎರ್ಸಿಲಿಯಾ. "ಸೂಜಿ ಕಳೆದ್ರೆ ಇಡೀ ಲಂಗ ಬಿಚ್ಚೋದು. ಸೊಟ್ಟ ಹೊಲಿಗೆ ಇದ್ರೆ ಅದೂ ಸರಿಹೋಗೋದು. ಯಾರ ತಪ್ಪು ಅಂತ ಯಾರೂ ಕೇಳ್ತಿರ್ಲಿಲ್ಲ."

ಮಿರೆಲ್ಲಾ ಕಿವಿಗೊಡಲಿಲ್ಲ. ಪದರಗಳನ್ನು ಒಂದೊಂದಾಗಿ ಎತ್ತಿ, ಬೆಳಕಿಗೆ ಹಿಡಿದು, ಪಕ್ಕಕ್ಕಿಡುತ್ತಿದ್ದಳು. ಹದಿನೇಳು. ಹದಿನೆಂಟು. ಹತ್ತೊಂಬತ್ತು.

ಅದರ ಕೆಳಗೆ ಬರೀ ಮೇಜು.

ಮತ್ತೆ ಎಣಿಸಿದಳು, ಹತ್ತೊಂಬತ್ತೇ. ಎದುರಿಗಿದ್ದ ಕಾಗದದಲ್ಲಿ ಇಪ್ಪತ್ತು ಎಂದಿತ್ತು. ಕೆಳಗೆ ಅವಳದೇ ಮೊಹರು. ಮುದುಕಿಯತ್ತ ನೋಡಿದಳು. ಎರ್ಸಿಲಿಯಾ ತಲೆ ತಗ್ಗಿಸಿ ಕನ್ನಡಕ ಒರೆಸುತ್ತಿದ್ದಳು. ಪುಣ್ಯಕ್ಕೆ ನೋಡಿರಲಿಲ್ಲ.

"ಸೂಜಿ ಸಿಗ್ಲಿಲ್ಲ ಅಲ್ವಾ? ಕತ್ತರಿ ಕೊಡ್ಲಾ?"

"ಕೊಡಿ."

ಕಾಲು ಗಂಟೆಯಲ್ಲಿ ಹತ್ತೊಂಬತ್ತು ಪದರಗಳೂ ಚೂರಾಗಿ ಚೀಲ ಸೇರಿದವು. ಎಷ್ಟು ಪದರಗಳಿದ್ದವೆಂದು ಇನ್ನು ಯಾರೂ ಹೇಳುವಂತಿರಲಿಲ್ಲ. ಮುದುಕಿಯ ಮಂದಗಣ್ಣು ತನ್ನನ್ನು ಉಳಿಸಿತು ಎಂದುಕೊಂಡಳು ಮಿರೆಲ್ಲಾ. ಥ್ಯಾಂಕ್ಸ್ ಹೇಳುವಂತಿಲ್ಲ, ಕ್ಷಮೆ ಕೇಳುವಂತೆಯೂ ಇಲ್ಲ. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಎರ್ಸಿಲಿಯಾ ಬಾಗಿಲ ಬಳಿ ನಿಂತು ಅವಳ ಕೆನ್ನೆ ತಟ್ಟಿದಳು. "ಹೋಗುವಾಗ ಕೋಟು ಹಾಕ್ಕೋ ಮಗಾ. ಚಳಿ ಇದೆ." ಟ್ರಾಮ್ ತಪ್ಪೀತೆಂದು ಬೇಗ ಬೇಗ ಹೊರಟುಹೋದಳು.

ಉಡುಪು ಬದಲಿಸುವ ಕೋಣೆಯಲ್ಲಿ ಮಿರೆಲ್ಲಾ ಕೋಟು ತೊಟ್ಟಳು. ಬೆಳಗ್ಗೆ ಹರಿದು ಜೋತಾಡುತ್ತಿದ್ದ ಅಂಚು ಈಗ ಗಟ್ಟಿಯಾಗಿತ್ತು. ಸವರಿದರೆ ಬೆರಳಿಗೆ ಏನೋ ಚುಚ್ಚಿತು. ಅಂಚನ್ನು ಮಗುಚಿದಳು. ಹೊದಿಕೆಗೆ ಬಳಸುವ ಬೆಳ್ಳಿ ದಾರದ ಪುಟ್ಟ ಹೊಲಿಗೆಗಳು, ಕೂದಲೆಳೆಯಷ್ಟೂ ಓರೆಯಿಲ್ಲ. ಅಭ್ಯಾಸಬಲದಿಂದ ಎಣಿಸಿದಳು.

ಹತ್ತೊಂಬತ್ತು, ಇಪ್ಪತ್ತನೆಯ ಜಾಗದಲ್ಲಿ ಸೂಜಿ.