ನಾಲ್ಕನೇ ಗಂಟೆಯ ಹೊಗೆ

ಒಂಬತ್ತು ವರ್ಷಗಳ ಹಿಂದೆ ವಾರಿಜ ಒಂದು ಕಂಪನಿಯಲ್ಲಿ ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪವರ್ ಸಪ್ಲೈ ಪೆಟ್ಟಿಗೆಗಳನ್ನು ಪರೀಕ್ಷಿಸುತ್ತಿದ್ದಳು. ‘ಇದು ಬಿಸಿಯಾಗಿ ಹೊತ್ತಿಕೊಳ್ಳುತ್ತದೆ, ಮಾರಬೇಡಿ’ ಎಂದು ವರದಿ ಬರೆದ ದಿನವೇ ಮಾಲೀಕ ಅವಳನ್ನು ಕೆಲಸದಿಂದ ತೆಗೆದ. ಸಾಲದ್ದಕ್ಕೆ, ಬಿಡಿಭಾಗ ಕದ್ದಳೆಂದು ಊರಿನ ಕಂಪನಿಗಳಿಗೆಲ್ಲ ಫೋನ್ ಮಾಡಿ ಹೇಳಿದ. ಕಳ್ಳಿಗೆ ಯಾರೂ ಕೆಲಸ ಕೊಡಲಿಲ್ಲ. ಅವಳು ಮನೆಯಲ್ಲೇ ಮೇಜು ಹಾಕಿಕೊಂಡು, ಮಾರುಕಟ್ಟೆಗೆ ಬಂದ ಕಂಪ್ಯೂಟರ್ ಭಾಗಗಳನ್ನೆಲ್ಲ ಪರೀಕ್ಷಿಸಿ ಇಂಟರ್ನೆಟ್ಟಿನಲ್ಲಿ ವಿಮರ್ಶೆ ಬರೆಯತೊಡಗಿದಳು. ಈಗ ಅವಳು ಬರೆಯುವವರೆಗೆ ಅಂಗಡಿಯವರು ಹೊಸ ಮಾಲು ಇಳಿಸಿಕೊಳ್ಳುವುದಿಲ್ಲ.

ಇಂದು ಅದೇ ಮಾಲೀಕ ಅವಳೆದುರು ಕೂತಿದ್ದ. ಅವನ ಹೊಸ ಪವರ್ ಸಪ್ಲೈ ಅವಳ ಮೇಜಿನ ಮೇಲೆ ಪರೀಕ್ಷೆಯ ನಾಲ್ಕನೇ ಗಂಟೆಯಲ್ಲೇ ಹೊಗೆಯಾಡಿತ್ತು. ನೀರು ಬೇಕೇ ಎಂದೂ ಅವಳು ಕೇಳಲಿಲ್ಲ.

“ಹಳೇದೆಲ್ಲ ಮರೆತುಬಿಡಮ್ಮ,” ಎಂದ ಅವನು. “ನನ್ನ ಮಗಳು ಕೂಡ ನೀನು ಬರೆಯೋದನ್ನೇ ಓದ್ತಾಳೆ. ಕೆಟ್ಟದಾಗಿ ಬರೀಬೇಡ.”

“ಮಗಳ ಹತ್ರ ಕಂಪ್ಯೂಟರ್ ಇದೆಯಾ ಸರ್?”

“ಇದೆ. ಅವಳ ರೂಮಲ್ಲೇ.”

“ಹಾಗಾದ್ರೆ ಇದನ್ನ ಅದಕ್ಕೇ ಹಾಕೋಣ. ಒಂದು ತಿಂಗಳು ಓಡಲಿ. ಏನೂ ಆಗದಿದ್ರೆ ಹೊಗಳಿ ಬರೀತೀನಿ.”

ಮಾಲೀಕ ಆ ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡ.

“ಅವಳ ರೂಮಿಗೆ ಬೇಡ,” ಎಂದ ಮೆಲ್ಲಗೆ.

“ಸರಿ ಸರ್. ನನ್ನ ಕಡೆಯಿಂದ ಒಂದು ಕೆಟ್ಟ ಮಾತೂ ಬರಲ್ಲ.”

ಅವನು ಕೈಮುಗಿದು ಹೋದ.

ಮರುದಿನ ಅವಳ ವಿಮರ್ಶೆಯಲ್ಲಿ ಒಂದೇ ಸಾಲಿತ್ತು: ‘ಇದನ್ನು ತಮ್ಮ ಮಗಳ ಕಂಪ್ಯೂಟರಿಗೆ ಹಾಕಲು ಕಂಪನಿಯ ಮಾಲೀಕರು ಒಪ್ಪಲಿಲ್ಲ.’