ಬನಿಯನ್ ತಿನ್ನುವ ಮಣ್ಣು

"ಈ ಪಾತಿಯ ಮಣ್ಣಿಗೆ ಎಂಥ ಹಸಿವು ಅಂತೀರಿ ಸಾರ್! ಮೊನ್ನೆ ಗುದ್ದಲಿ ಇಲ್ಲೇ ಮರೆತು ಟೀ ಕುಡಿಯೋಕೆ ಹೋಗಿದ್ದೆ. ಬರೋದ್ರೊಳಗೆ ಕಾವು ನುಂಗಿ, ಕಬ್ಬಿಣ ಮಾತ್ರ ಉಗುಳಿತ್ತು."

ಕೃಷಿ ಸಂಶೋಧನಾ ಕೇಂದ್ರದ ಕ್ಯಾಂಟೀನ್ ಅಡುಗೆಯವನು ನಿರ್ದೇಶಕರಿಗೆ ಇದನ್ನು ಹೇಳುವಾಗ ಕಣ್ಣು ಕೂಡ ಮಿಟುಕಿಸಲಿಲ್ಲ. ಎಲ್ಲರ ಬಾಯಲ್ಲೂ ಅವನು ಬುರುಡೆ ಮಾವ. ನಿಜಕ್ಕೂ ಮಾವನಾಗಿದ್ದುದು ಒಬ್ಬಳಿಗೇ, ಪಕ್ಕದಲ್ಲಿ ಕೈಗವಸು ಹಾಕಿಕೊಳ್ಳುತ್ತಿದ್ದ ಅಕ್ಕನ ಮಗಳಿಗೆ. ಅವಳು ಇಲ್ಲಿ ಮಣ್ಣಿನ ವಿಜ್ಞಾನಿ. ಅವಳು ಹುಟ್ಟಿದಾಗ ಅತ್ತ ಸದ್ದಿಗೆ ಆಸ್ಪತ್ರೆಯ ಗೋಡೆ ಬಿರುಕು ಬಿಟ್ಟಿತೆಂದು ಮಾವ ಈಗಲೂ ಆಣೆ ಇಟ್ಟು ಹೇಳುತ್ತಾನೆ.

ಅವಳ ಪ್ರಯೋಗಕ್ಕೆ ಎರಡು ಪಾತಿಗಳು. ಒಂದಕ್ಕೆ ಮೂರು ವರ್ಷದಿಂದ ಮಾವನ ಅಡುಗೆಮನೆಯ ಸಿಪ್ಪೆಗೊಬ್ಬರ, ಇನ್ನೊಂದಕ್ಕೆ ಬರೀ ಮೂಟೆಯ ರಸಗೊಬ್ಬರ. ಎರಡರಲ್ಲೂ ಅವಳು ಒಂದೊಂದು ಹೊಸ ಹತ್ತಿ ಬನಿಯನ್ ಹೂತಿದ್ದಳು. ಮಣ್ಣಿನಲ್ಲಿ ಜೀವ ತುಂಬಿದ್ದರೆ, ಕಣ್ಣಿಗೆ ಕಾಣದ ಜೀವಿಗಳು ಹತ್ತಿಯನ್ನು ತಿಂದು ಮುಗಿಸಬೇಕು. ಸಿಪ್ಪೆಗೊಬ್ಬರದ ಪಾತಿ ಗೆದ್ದರೆ ಪ್ರಯೋಗ ಉಳಿಯುತ್ತದೆ. ಇಲ್ಲವಾದರೆ ಈ ಜಾಗದಲ್ಲಿ ಜೀಪು ನಿಲ್ಲಿಸುವ ಶೆಡ್ಡು ಏಳುತ್ತದೆ. ಅದನ್ನು ತೀರ್ಮಾನಿಸಲೆಂದೇ ನಿರ್ದೇಶಕರು ಬಂದಿದ್ದರು.

ರಸಗೊಬ್ಬರದ ಪಾತಿಯಿಂದ ಎದ್ದ ಬನಿಯನ್ ಒಗೆದು ಹಾಕಿಕೊಂಡು ಮದುವೆಗೆ ಹೋಗುವಷ್ಟು ಗಟ್ಟಿಯಾಗಿತ್ತು. ಸಿಪ್ಪೆಗೊಬ್ಬರದ ಪಾತಿಯಿಂದ ಬಂದದ್ದು ಜೇಡರ ಬಲೆಯಂಥ ನಾಲ್ಕು ಚಿಂದಿ. ನಿರ್ದೇಶಕರು ಖುಷಿಯಾಗಿ, ಶೆಡ್ಡಿಗೆ ಬೇರೆ ಜಾಗ ಹುಡುಕೋಣ ಎಂದುಬಿಟ್ಟರು. ಮಾವ ಮೀಸೆ ತಿರುವಿದ.

ಸೋದರಸೊಸೆಯ ಮುಖ ಮಾತ್ರ ಅರಳಲಿಲ್ಲ. ಚಿಂದಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಸಾರ್, ಇದು ನಾನು ಹೂತ ಬನಿಯನ್ ಅಲ್ಲ."

ಗುರುತಿಗೆಂದು ಕುತ್ತಿಗೆಯ ಸುತ್ತ ನೀಲಿ ನೈಲಾನ್ ದಾರದಲ್ಲಿ ಹೊಲಿಗೆ ಹಾಕಿದ್ದಳಂತೆ. ಹತ್ತಿ ಕರಗಿದರೂ ಆ ದಾರ ಉಳಿಯಬೇಕಿತ್ತು. ನಿರ್ದೇಶಕರ ನಗು ಮಾಯವಾಯಿತು. ತನ್ನ ಮಣ್ಣು ನೈಲಾನನ್ನೂ ಬಿಡುವುದಿಲ್ಲ, ಹೋದ ತಿಂಗಳು ಒಂದು ಕೊಡೆಯನ್ನು ಕಡ್ಡಿ ಸಮೇತ ತಿಂದಿತ್ತು ಎನ್ನುತ್ತ ಮಾವ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಬೆವರು ಒರೆಸಿಕೊಂಡ.

ಅಂಗಿಯೊಳಗೆ, ಬನಿಯನ್ನಿನ ಕುತ್ತಿಗೆಯ ಸುತ್ತ, ನೀಲಿ ಹೊಲಿಗೆ ಬಿಸಿಲಿಗೆ ಪಳಪಳ ಹೊಳೆಯಿತು.

ನಿರ್ದೇಶಕರು ಕೆಮ್ಮಿ, ಅದೇ ಬನಿಯನ್ ಅನ್ನು ಮತ್ತೆ ಹೂಳಲಿ, ಮಣ್ಣು ಏನು ಹೇಳುತ್ತದೋ ನೋಡಿ ತೀರ್ಮಾನಿಸುತ್ತೇನೆ, ಅಲ್ಲಿಯವರೆಗೆ ಅಡುಗೆಯವರು ಪಾತಿಯ ಕಡೆ ತಲೆ ಹಾಕಬಾರದು ಎಂದು ಹೇಳಿ ಹೊರಟರು.

ಮಾವ ಬನಿಯನ್ ಬಿಚ್ಚಿ ಕೊಟ್ಟ. ಬರಿಮೈಯಲ್ಲಿ ನಿಂತಾಗ ಅವನು ಇದ್ದಕ್ಕಿದ್ದಂತೆ ಸಣ್ಣವನಾಗಿ ಕಂಡ. ಸೊಸೆ ಗುಂಡಿ ತೋಡಿದಳು.

"ಬೆವರಾಗಿದೆ ಪುಟ್ಟಿ. ಮಣ್ಣಿಗೆ ಉಪ್ಪು ಜಾಸ್ತಿ ಆಗುತ್ತೇನೋ."

"ನಿಮ್ಮ ಸಾರು ತಿಂದು ಬದುಕಿರೋ ಮಣ್ಣು ಮಾವ, ಇದನ್ನೂ ತಡ್ಕೊಳ್ಳುತ್ತೆ," ಎಂದಳು. ನಗು ಬರುತ್ತಿತ್ತು, ಕಣ್ಣೂ ತುಂಬಿತ್ತು. "ಯಾಕೆ ಹೀಗೆ ಮಾಡಿದ್ರಿ? ನಿಮ್ಮ ಮಣ್ಣಿನ ಮೇಲೆ ನಿಮಗೇ ನಂಬಿಕೆ ಇರ್ಲಿಲ್ವಾ?"

ಮಾವ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ.

"ಮಣ್ಣಿನ ಮೇಲೆ ಇತ್ತು ಕಣೇ. ನೀನು ಹೂತ ರಾತ್ರಿನೇ ಅದನ್ನ ತೆಗೆದು ನನ್ನ ಹರಕು ಬನಿಯನ್ ಹೂತಿದ್ದು ಬೇರೆ ಭಯಕ್ಕೆ. ನಿನ್ನ ಮಣ್ಣನ್ನ ಕಂಡಕಂಡವರ ಹತ್ತಿರ ಹೊಗಳಿಬಿಟ್ಟಿದ್ದೆ. ಇಷ್ಟು ವರ್ಷದಲ್ಲಿ ನಾನು ಹೇಳಿದ್ದು ಯಾವುದು ನಿಜ ಆಗಿದೆ, ಹೇಳು?"