ಗದಿಗೆಪ್ಪ ಸಾಹುಕಾರರ ಡಿಶ್

ಇದನ್ನು ಹತ್ತು ಜನಕ್ಕೆ ಕಳಿಸಿ ಎಂದು ನಾನು ಹೇಳುವುದಿಲ್ಲ... ನೀವೊಬ್ಬರು ಓದಿದರೆ ಸಾಕು.

ನಮ್ಮದು ಹಾವೇರಿ ಕಡೆಯ ಮೆಣಸಿನಕಾಯಿ ಮಾರ್ಕೆಟ್ಟು. ಈಗ ವ್ಯಾಪಾರವೆಲ್ಲ ಆನ್‌ಲೈನ್ ಟೆಂಡರ್.
ಮಧ್ಯಾಹ್ನ ಎರಡರೊಳಗೆ ರೇಟು ಹಾಕಬೇಕು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ; ಹೆಚ್ಚು ಹಾಕಿದವರಿಗೆ ಮಾಲು.

ನನ್ನ ಪಕ್ಕದ ಅಂಗಡಿ ಗದಿಗೆಪ್ಪ ಸಾಹುಕಾರರದು. ತಮ್ಮ ನೆರಳನ್ನೂ ನಂಬದ ಮನುಷ್ಯ!
ಟವೆಲ್ ಕೆಳಗೆ ಬೆರಳು ಒತ್ತಿ ರೇಟು ಹೇಳುವ ಅಜ್ಜನ ಕಾಲದ ಪದ್ಧತಿಯನ್ನು ಕಂಪ್ಯೂಟರ್ ಬಂದ ಮೇಲೂ ಬಿಟ್ಟಿರಲಿಲ್ಲ.

ಅವರು ಅಂಗಡಿಯ ಕಂಪ್ಯೂಟರ್ ಆಪರೇಟರ್ ಶಿವಲೀಲಾಳ ಬೆರಳು ಒತ್ತಬೇಕು, ಅವಳು ಅಷ್ಟನ್ನು ಟೈಪ್ ಮಾಡಬೇಕು. ಎರಡು ಮಕ್ಕಳ ತಾಯಿ, ಗಂಡನಿಲ್ಲ... ಆ ಸಂಬಳದಲ್ಲೇ ಮನೆ ನಡೆಯುತ್ತಿತ್ತು.

ರಸ್ತೆ ಅಗಲ ಮಾಡುವ ಜೆಸಿಬಿ ವಾರಕ್ಕೊಮ್ಮೆ ಕೇಬಲ್ ಕತ್ತರಿಸುತ್ತಿತ್ತು. ಮಾರ್ಕೆಟ್ ದಿನ ಮೊಬೈಲ್ ನೆಟ್ಟೂ ತಿಣುಕುತ್ತಿತ್ತು. ರೇಟು ಹಾಕಲು ಎಲ್ಲರೂ ಬೇರೆ ಲೈನ್ ಇದ್ದ ಮಾರ್ಕೆಟ್ ಆಫೀಸಿಗೆ ಓಡಬೇಕು.

"ಸಾವ್ಕಾರ್ರ, ಸ್ಯಾಟಲೈಟ್ ಇಂಟರ್ನೆಟ್ ಹಾಕಸೂಣ್ರಿ. ಉಪಗ್ರಹ ಭೂಮಿಗೆ ಹತ್ತಿರದಾಗ ಸುತ್ತತಾವ, ಅದಕ್ಕ ನೆಟ್ ಜೋರ್ ಬರತೈತಿ. ಜೆಸಿಬಿ ಕಾಟ ಇಲ್ರಿ" ಎಂದಳು ಶಿವಲೀಲಾ.

"ಹತ್ತಿರದಾಗ ಸುತ್ತತಾವಾ? ಹಂಗಾರ ನಮ್ಮ ರೇಟು ಅವಕ್ಕ ಕಾಣಂಗಿಲ್ಲೇನು?" ಸಾಹುಕಾರರ ಮೊದಲ ಪ್ರಶ್ನೆಯೇ ಅದು.

ಅಂತೂ ಡಿಶ್ ಛಾವಣಿ ಏರಿತು. ಅವರು ಆಫೀಸಿಗೆ ಓಡುವುದು ನಿಂತಿತು. ಅಂಗಡಿಯಲ್ಲೇ ಕೂತು ರೇಟು ಹಾಕತೊಡಗಿದರು.

ಆದರೆ ಅಂದಿನಿಂದಲೇ ಒಳ್ಳೆಯ ಮಾಲೆಲ್ಲ ಅವರ ಕೈ ತಪ್ಪಿತು... ಪ್ರತಿ ಸಲ ಐದೋ ಹತ್ತೋ ರೂಪಾಯಿಯ ಅಂತರ!

ಅವರು ನನ್ನ ಬಳಿ ಬಂದು ಪಿಸುಗುಟ್ಟಿದರು. "ಯಾರೋ ಮ್ಯಾಲಿಂದ ನೋಡಾಕತ್ತಾರೋ ತಮ್ಮಾ..."
ನಾನು ಚಹಾ ಕೊಟ್ಟು, "ಇರಬಹುದ್ರಿ. ಆ ಡಿಶ್ ಹಾಕಸ್ರಿ ಅಂದವರು ಯಾರು, ಅದನ್ನೂ ನೋಡ್ರಿ" ಎಂದೆ.

ಹೌದು... ಆ ಮಾತು ಹೇಳಿದವನು ನಾನೇ.

ನಾಲ್ಕನೇ ಸಲವೂ ಮಾಲು ತಪ್ಪಿದಾಗ ಸಾಹುಕಾರರು ಡಿಶ್ ಮೇಲೆ ಮೂಟೆಗೆ ಹೊದಿಸುವ ತಾಡಪತ್ರಿ ಹೊದಿಸಿದರು. ಶಿವಲೀಲಾಳಿಗೆ, "ನಾಳಿಂದ ಬರಬ್ಯಾಡವಾ" ಎಂದರು.

ಅವಳು ಅಳಲಿಲ್ಲ. "ನನ್ನ ಮ್ಯಾಲೆ ಸಂಶೆ ಇದ್ರ ಹೋಕ್ಕೀನ್ರಿ. ಆದ್ರ ಡಿಶ್ ಮುಚ್ಚಬ್ಯಾಡ್ರಿ, ನಿಮ್ಮ ಟೆಂಡರ್ ತಪ್ಪತೈತಿ" ಎಂದಳು.

ಹೊರಗೆ ಬಂದವಳು ನನ್ನ ಅಂಗಡಿ ಮುಂದೆ ನಿಂತಳು. "ಅಣ್ಣಾರ, ನೀವಾರ ಹೇಳ್ರಿ... ನಾ ಅಂಥಾಕಿ ಏನ್ರಿ?"

ಅವಳು ಅಂಥವಳಲ್ಲ ಎಂದು ನನಗೊಬ್ಬನಿಗೇ ಗೊತ್ತಿತ್ತು. ಯಾಕೆಂದರೆ ರೇಟು ಸೋರುತ್ತಿದ್ದುದು ಆಕಾಶದಿಂದಲ್ಲ...

ಡಿಶ್ ಬಂದ ಮೇಲೆ ಸಾಹುಕಾರರು ಅಂಗಡಿಯಲ್ಲೇ ಟವೆಲ್ ಕೆಳಗೆ ಬೆರಳು ಒತ್ತುವಾಗ, ತಪ್ಪಬಾರದೆಂದು ಆ ಸಂಖ್ಯೆಯನ್ನು ಬಾಯಲ್ಲೂ ಗೊಣಗುತ್ತಿದ್ದರು. ಎರಡು ಅಂಗಡಿಗಳ ನಡುವೆ ಇದ್ದದ್ದು ಬರೀ ಹಲಗೆ.
ನಾನು ಕಿವಿಗೊಟ್ಟು ಕೇಳಿ, ಆಫೀಸಿಗೆ ಓಡಿ, ಬೇರೊಬ್ಬರ ಹೆಸರಿನಲ್ಲಿ ಐದೋ ಹತ್ತೋ ರೂಪಾಯಿ ಹೆಚ್ಚು ಹಾಕುತ್ತಿದ್ದೆ!

ಅವಳ ಎದುರೇ ಸಾಹುಕಾರರ ಬಳಿ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ನನಗೆ ಅಳು ತಡೆಯಲಾಗಲಿಲ್ಲ.

ಅವರು ಶಿವಲೀಲಾಳಿಗೆ ಕೈ ಮುಗಿದರು. "ತಪ್ಪಾತವಾ ತಂಗಿ... ಮ್ಯಾಲ ನೋಡಿ ನೋಡಿ ಬಾಜೂಕ ಇದ್ದಾಂವನ್ನ ನೋಡಲಿಲ್ಲ" ಎಂದು ಗಳಗಳನೆ ಅತ್ತರು. ತಾವೇ ಏಣಿ ಹತ್ತಿ ತಾಡಪತ್ರಿ ತೆಗೆದರು.

ಶಿವಲೀಲಾ ಮರುದಿನ ಕೆಲಸಕ್ಕೆ ಬಂದಳು.
ಏಳು ವರ್ಷದಿಂದ ದಿನಾ ಬೆಳಿಗ್ಗೆ "ಆರಾಮ ಅದೀರೇನ್ರಿ ಅಣ್ಣಾರ" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದವಳು, ಅಂದು ನನ್ನ ಅಂಗಡಿಯತ್ತ ತಿರುಗಿಯೂ ನೋಡಲಿಲ್ಲ... ಇಂದಿಗೂ ನೋಡುವುದಿಲ್ಲ.

*ಸಂಶಯ ಮೊದಲು ಬೀಳುವುದು ಹೊಸದರ ಮೇಲೆ, ಬಡವರ ಮೇಲೆ; ಕದ್ದವನು ಪಕ್ಕದಲ್ಲೇ ಕೂತು ಚಹಾ ಕೊಡುತ್ತಿರುತ್ತಾನೆ.*

ಸತ್ಯ ಗೊತ್ತಿದ್ದೂ ನೀವು ಸುಮ್ಮನಿದ್ದದ್ದರಿಂದ, ಯಾರ ಮೇಲಾದರೂ ಅಪವಾದ ಹಾಗೇ ಉಳಿದುಬಿಟ್ಟಿದೆಯೇ?